ಬಾಕ್ಸ್ ಮೇಲೆ 525 ಪಟ್ಟು, ಕಣ್ಣಿಗೆ ಮಸುಕು ಚುಕ್ಕೆ: ಸಣ್ಣ ಟೆಲಿಸ್ಕೋಪ್‌ನಲ್ಲಿ ನಿಜಕ್ಕೂ ಏನು ಕಾಣುತ್ತೆ?

ಆನ್‌ಲೈನ್‌ನಲ್ಲಿ ತರಿಸಿದ ಟೆಲಿಸ್ಕೋಪ್ ಎರಡು ರಾತ್ರಿ ತಾರಸಿ ಹತ್ತಿ, ಮೂರನೇ ದಿನ ಅಟ್ಟ ಸೇರೋದು ಅನೇಕ ಮನೆಗಳ ಕಥೆ. ಬಾಕ್ಸ್ ಮೇಲೆ '525 ಪಟ್ಟು' ಅಂತ ಇರುತ್ತೆ, ಪಕ್ಕದಲ್ಲಿ ಶನಿಯ ಉಂಗುರದ ಬಣ್ಣದ ಚಿತ್ರ. ಕಣ್ಣಿಟ್ಟರೆ ಕಾಣೋದು ನಡುಗುವ ಚುಕ್ಕೆ. ಟೆಲಿಸ್ಕೋಪೇ ಕೆಟ್ಟಿದೆ ಅನ್ನುವ ಮೊದಲು ಈ ಲೆಕ್ಕ ನೋಡಿ.

ಟೆಲಿಸ್ಕೋಪ್‌ನ ಫೋಕಲ್ ಉದ್ದ 700 ಮಿ.ಮೀ. ಇದ್ದು, ಕಣ್ಣಿಡುವ ಕಡೆ 4 ಮಿ.ಮೀ. ಐಪೀಸ್ ಹಾಕಿದರೆ 700 ಭಾಗಿಸು 4, ಅಂದರೆ 175 ಪಟ್ಟು. ಜೊತೆಗೆ ಬರುವ ಮೂರು ಪಟ್ಟಿನ ಬಾರ್ಲೋ ಲೆನ್ಸ್ ಸೇರಿಸಿದರೆ 525. ಲೆಕ್ಕ ಸುಳ್ಳಲ್ಲ, ಉಪಯೋಗಕ್ಕೆ ಬರಲ್ಲ ಅಷ್ಟೇ. ಮುಂದಿನ ಲೆನ್ಸ್ ಎಷ್ಟು ಮಿ.ಮೀ. ಅಗಲವೋ, ಸುಮಾರು ಅದರ ಎರಡರಷ್ಟು ಪಟ್ಟಿನವರೆಗೆ ಮಾತ್ರ ಹೊಸ ವಿವರ ಸಿಗುತ್ತೆ. 70 ಮಿ.ಮೀ. ಲೆನ್ಸ್‌ಗೆ 140 ಗಡಿ. ಅದರಾಚೆ ಹೋಗೋದು ಪಾಸ್‌ಪೋರ್ಟ್ ಫೋಟೊವನ್ನು ಫ್ಲೆಕ್ಸ್ ಮಾಡಿಸಿದ ಹಾಗೆ. ಕೊಳ್ಳುವಾಗ ಪಟ್ಟು ಕೇಳಬೇಡಿ. ಲೆನ್ಸ್ ಅಗಲ ಕೇಳಿ, ಸ್ಟ್ಯಾಂಡ್ ಅಲ್ಲಾಡುತ್ತಾ ನೋಡಿ.

ಹಾಗಾದರೆ 70 ಮಿ.ಮೀ.ನಲ್ಲಿ ಏನು ಕಾಣುತ್ತೆ? ಗುರು ಗ್ರಹದ ನಾಲ್ಕು ದೊಡ್ಡ ಚಂದ್ರಗಳು 30 ಪಟ್ಟಿಗೇ ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೊ ನೋಡಿದ್ದು ಇವನ್ನೇ, ಅವನ ದೂರದರ್ಶಕ ಇಂದಿನ ಅಗ್ಗದ್ದಕ್ಕಿಂತಲೂ ಸಾಧಾರಣದ್ದು. 70ರಿಂದ 100 ಪಟ್ಟಿಗೆ ಗುರುವಿನ ಮೈಮೇಲೆ ಎರಡು ಕಂದು ಪಟ್ಟೆ ಸಿಗುತ್ತವೆ. ಶನಿಯ ಉಂಗುರ 50 ಪಟ್ಟಿಗೆ ಗೊತ್ತಾಗುತ್ತೆ. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ನಮ್ಮ ಕಡೆಗಿತ್ತು, ಆಮೇಲೆ ನಿಧಾನವಾಗಿ ತೆರೆದುಕೊಳ್ಳುತ್ತಿದೆ. ಶುಕ್ರ ಚಂದ್ರನಂತೆ ಕಲೆ ಬದಲಿಸುತ್ತೆ. ಮಂಗಳ ಹತ್ತಿರ ಬರೋದು 26 ತಿಂಗಳಿಗೊಮ್ಮೆ, ಉಳಿದ ಕಾಲ ಬರೀ ಕೆಂಪು ಚುಕ್ಕೆ.

ಇಷ್ಟೂ ಕಾಣದಿದ್ದರೆ ತಪ್ಪು ಹೆಚ್ಚಾಗಿ ಗಾಳಿಯದ್ದು. ಹಗಲೆಲ್ಲ ಕಾದ ಸಿಮೆಂಟ್ ತಾರಸಿ, ತಗಡಿನ ಶೀಟ್ ರಾತ್ರಿ ಹತ್ತಾದರೂ ಬಿಸಿ ಬಿಡ್ತಾ ಇರುತ್ತವೆ. ಒಲೆಯ ಮೇಲಿನ ಗಾಳಿ ಅಲುಗಾಡುವ ಹಾಗೇ ಗ್ರಹವೂ ಅಲುಗುತ್ತೆ. ತಾರಸಿಗಿಂತ ಹಿತ್ತಲ ಮಣ್ಣು, ಹುಲ್ಲು ಇರುವ ಜಾಗ ವಾಸಿ. ಪಕ್ಕದ ಮನೆಯ ಸೂರಿನ ಮೇಲಿಂದ ನೋಡಬೇಡಿ, ಕಿಟಕಿ ಗಾಜಿನೊಳಗಿಂದಂತೂ ಬೇಡವೇ ಬೇಡ. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು ಆರಲು ಬಿಡಿ. ನಕ್ಷತ್ರ ಜೋರಾಗಿ ಮಿನುಗುವ ರಾತ್ರಿ ನೋಡಲು ಚೆಂದ, ಗ್ರಹಕ್ಕೆ ಕೆಟ್ಟದ್ದು.

ಗ್ರಹ ದಿಗಂತದ ಹತ್ತಿರ ಇದ್ದಾಗಲೂ ಬೇಡ, ಮೇಲೇರುವವರೆಗೆ ಕಾಯಿರಿ. ಈ ವಿಷಯದಲ್ಲಿ ನಮ್ಮ ರಾಜ್ಯದವರು ಅದೃಷ್ಟವಂತರು: 2027ರ ಫೆಬ್ರವರಿಯಲ್ಲಿ ಗುರು ಹತ್ತಿರ ಬಂದಾಗ ನಡುರಾತ್ರಿ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿ ಮೇಲೇ ಇರುತ್ತೆ. ಒಮ್ಮೆ ಇಣುಕಿ ಎದ್ದು ಹೋಗಬೇಡಿ. ಕುರ್ಚಿ ಹಾಕ್ಕೊಂಡು ಹದಿನೈದು ನಿಮಿಷ ಕಣ್ಣಿಡಿ, ಗಾಳಿ ನಿಂತ ಒಂದೆರಡು ಕ್ಷಣದಲ್ಲಿ ಪಟ್ಟೆ ಗೆರೆ ಎಳೆದಂತೆ ಕಾಣುತ್ತೆ.

ಮಕ್ಕಳಿರುವ ಮನೆಯವರು ಗಮನಿಸಿ: ಟೆಲಿಸ್ಕೋಪನ್ನು ಸೂರ್ಯನ ಕಡೆ ತಿರುಗಿಸಿ ನೋಡಿದರೆ ಕ್ಷಣದಲ್ಲೇ ಕಣ್ಣು ಹೋಗಬಹುದು. ಕೆಲವು ಸೆಟ್‌ಗಳಲ್ಲಿ ಐಪೀಸ್‌ಗೆ ತಿರುಗಿಸಿ ಹಾಕುವ ಸಣ್ಣ 'ಸನ್ ಫಿಲ್ಟರ್' ಬರುತ್ತೆ. ಬಿಸಿಗೆ ಅದು ಸೀಳುವ ಅಪಾಯವಿದೆ, ಎಸೆದುಬಿಡಿ. ಹಗಲು ಟೆಲಿಸ್ಕೋಪ್ ಮಕ್ಕಳ ಕೈಗೆ ಸಿಗದ ಜಾಗದಲ್ಲಿರಲಿ.