ವಲಯಕ್ಕೆ ಒಪ್ಪಿಗೆ ಸಿಕ್ಕಿತು, ಈರುಳ್ಳಿಗೆ ಸಿಗಲಿಲ್ಲ

ಬೆಂಗಳೂರು ರೋಸ್ ಈರುಳ್ಳಿಯ ಹೆಸರು ಮಾತ್ರ ಬೆಂಗಳೂರಿನದ್ದು. ಬೆಳೆಯೋದು ಹೆಚ್ಚಾಗಿ ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ. ತಿನ್ನೋರು ಮಲೇಷ್ಯಾ, ಸಿಂಗಪುರ, ಇಂಡೊನೇಷ್ಯಾದವರು. ನಮ್ಮದು ಸಣ್ಣ ಹಿಡುವಳಿ. ಕೊಳವೆಬಾವಿಯ ನೀರು ನೋಡಿಕೊಂಡು ಅರ್ಧ ಎಕರೆಯೋ ಒಂದು ಎಕರೆಯೋ ಈ ಈರುಳ್ಳಿ ಹಾಕುತ್ತೇವೆ, ಉಳಿದದ್ದು ರಾಗಿ.

ಈ ಬೆಳೆಗೆ ಕೇಂದ್ರ ಸರಕಾರ ಇಪ್ಪತ್ತು ವರ್ಷಕ್ಕೂ ಹಿಂದೆಯೇ ‘ಕೃಷಿ ರಫ್ತು ವಲಯ’ದ ಒಪ್ಪಿಗೆ ಕೊಟ್ಟಿತ್ತು. ಆ ಒಪ್ಪಿಗೆಯಿಂದ ಬೆಳೆಗಾರನಿಗೆ ಸಿಕ್ಕಿದ್ದೇನು, ಸಿಗದೆ ಹೋದದ್ದೇನು? ಹೊಸ ಹೆಸರಿನಲ್ಲಿ ಇಂಥ ಯೋಜನೆಗಳು ಬರುತ್ತಲೇ ಇರುವುದರಿಂದ ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡೋದು ಒಳ್ಳೆಯದು.

ಏನಿದು ವಲಯ?

2001ರ ಆಮದು-ರಫ್ತು ನೀತಿಯಲ್ಲಿ ಈ ಯೋಜನೆ ಬಂತು. ಒಂದು ಬೆಳೆ, ಅದು ಬೆಳೆಯುವ ಕೆಲವು ಜಿಲ್ಲೆ. ಬಿತ್ತನೆಯಿಂದ ಹಡಗಿನವರೆಗೆ ಎಲ್ಲ ಇಲಾಖೆಯೂ ಕೂಡಿ ಕೆಲಸ ಮಾಡಬೇಕು ಅನ್ನೋದು ಉದ್ದೇಶ. ರಾಜ್ಯ ಪ್ರಸ್ತಾವ ಕಳಿಸಬೇಕು, ಕೇಂದ್ರ ಒಪ್ಪಬೇಕು, ಆಮೇಲೆ ಅಪೆಡಾ ಮತ್ತು ರಾಜ್ಯ ಸರಕಾರದ ನಡುವೆ ಒಪ್ಪಂದ. ದೇಶದಲ್ಲಿ ಒಟ್ಟು 60 ವಲಯಗಳಾದವು. ಕರ್ನಾಟಕಕ್ಕೆ ಬಂದವುಗಳಲ್ಲಿ ಮಿಡಿಸೌತೆ, ರೋಸ್ ಈರುಳ್ಳಿ, ಹೂವು ಮತ್ತು ವೆನಿಲ್ಲಾ ಇದ್ದವು. ರೋಸ್ ಈರುಳ್ಳಿ ವಲಯಕ್ಕೆ ಸೇರಿದ್ದು ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಕೋಲಾರ ಜಿಲ್ಲೆಗಳು. ಚಿಕ್ಕಬಳ್ಳಾಪುರ ಆಗ ಕೋಲಾರದಲ್ಲೇ ಇತ್ತು, ಬೇರೆ ಜಿಲ್ಲೆಯಾದದ್ದು 2007ರಲ್ಲಿ.

ಇಲ್ಲೊಂದು ವಿಷಯ ಗಮನಿಸಬೇಕು. ಇದು ಭೂಮಿ ವಶಪಡಿಸಿಕೊಂಡು ಬೇಲಿ ಹಾಕುವ ವಿಶೇಷ ಆರ್ಥಿಕ ವಲಯ ಅಲ್ಲ. ಅದಕ್ಕೆ 2005ರ ಬೇರೆ ಕಾಯ್ದೆ ಇದೆ. ಕೃಷಿ ರಫ್ತು ವಲಯದಲ್ಲಿ ಹೊಲ ನಮ್ಮದೇ, ಬೇಸಾಯ ನಮ್ಮದೇ. ಹಾಗೆಯೇ ನಷ್ಟವೂ ನಮ್ಮದೇ.

ಐದು ವರ್ಷದ ಅವಧಿ ಮುಗಿದ ಮೇಲೆ ಈ ವಲಯಗಳನ್ನೆಲ್ಲ ನಿಲ್ಲಿಸಲಾಯಿತು.

ಶಂಕರಪುರದಲ್ಲಿ ಯಾಕೆ ಮಾರಲ್ಲ?

ನಮ್ಮಕ್ಕ ಇರೋದು ಬೆಂಗಳೂರಿನ ಶಂಕರಪುರಂನಲ್ಲಿ. ಗಾಂಧಿಬಜಾರಿಗೆ ನಡೆದು ಹೋಗಿ ತರಕಾರಿ ತರ್ತಾಳೆ. ಒಂದು ಸಲ ಕೇಳಿದಳು: “ಅಲ್ಲ ಕಣೋ, ಹೊರದೇಶಕ್ಕೆ ಹೋಗಲ್ಲ ಅಂದ್ರೆ ಇಲ್ಲೇ ಮಾರಬಾರದಾ? ಬೆಂಗಳೂರಲ್ಲಿ ಈರುಳ್ಳಿ ತಿನ್ನೋರಿಗೇನು ಬರವಾ?”

“ಒಂದು ಕೆ.ಜಿ. ತಂದು ಕೊಡ್ತೀನಿ, ಸುಲಿದು ನೋಡಕ್ಕ” ಅಂದೆ.

ಸುಲಿದಳು. ಕಣ್ಣಲ್ಲಿ ನೀರು ಸುರೀತು. ಒಂದು ದೊಡ್ಡ ಈರುಳ್ಳಿ ಹೆಚ್ಚುವ ಕಡೆ ಏಳೆಂಟು ಸುಲಿಯಬೇಕು. “ಇದ್ಯಾರಿಗೆ ಬೇಕೋ ಮಾರಾಯ” ಅಂತ ಪಕ್ಕಕ್ಕಿಟ್ಟಳು.

ಇದೇ ಇದರ ತೊಡಕು. ಗೆಡ್ಡೆ ಚಿಕ್ಕದು, ಬುಡ ಚಪ್ಪಟೆ, ಬಣ್ಣ ಕಡುಗೆಂಪು, ಖಾರ ಜಾಸ್ತಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ರಫ್ತಿಗೆಂದೇ ಕೊಟ್ಟ ‘ಅರ್ಕಾ ಬಿಂದು’ ತಳಿಯ ಗೆಡ್ಡೆ 2.5ರಿಂದ 3.5 ಸೆಂ.ಮೀ. ಅಷ್ಟೆ, ಸುಮಾರು 100 ದಿನದ ಬೆಳೆ. ಸಾಂಬಾರ್ ಈರುಳ್ಳಿ ಇದಲ್ಲ. ನಮ್ಮ ಅಡುಗೆಮನೆಗೆ ಒಗ್ಗದ ಈ ಗುಣಗಳೇ ಅಲ್ಲಿನವರಿಗೆ ಬೇಕು. 2015ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಬಂತು.

ಅಂದಮೇಲೆ ರಫ್ತು ನಿಂತರೆ ಈ ಬೆಳೆಗೆ ಬೇರೆ ದಾರಿ ಇಲ್ಲ. ಬಳ್ಳಾರಿ ಈರುಳ್ಳಿಯಂತೆ ಯಶವಂತಪುರದ ಮಂಡಿಗೆ ಹೊಡೆದು ಕೈ ತೊಳೆದುಕೊಳ್ಳೋಕಾಗಲ್ಲ. ತಿಂಗಳುಗಟ್ಟಲೆ ಕೂಡಿಡೋಣ ಅಂದರೆ ಕೊಳೆಯುತ್ತೆ, ಇಲ್ಲವೇ ಮೊಳಕೆ ಬರುತ್ತೆ.

ಒಂದು ಕೈ ಕೊಟ್ಟದ್ದು, ಇನ್ನೊಂದು ಕೈ ತೆಗೆದದ್ದು

ಮಳೆ ಹೆಚ್ಚಾಗಿ ಮಹಾರಾಷ್ಟ್ರದಲ್ಲಿ ಬೆಳೆ ಕೆಟ್ಟರೆ ದಿಲ್ಲಿಯಲ್ಲಿ ಈರುಳ್ಳಿ ಬೆಲೆ ಏರುತ್ತೆ. ಏರಿದ ಕೂಡಲೇ ರಫ್ತಿಗೆ ತಡೆ. ಆದೇಶದಲ್ಲಿ ‘ಈರುಳ್ಳಿ’ ಎಂದಿರುತ್ತೆ. ರೋಸ್ ಈರುಳ್ಳಿಯೂ ಅದರೊಳಗೆ ಬಿತ್ತು. ದಿಲ್ಲಿಯ ಗ್ರಾಹಕ ಇದನ್ನು ಮುಟ್ಟಲ್ಲ, ಇದನ್ನು ತಡೆದರೆ ಅಲ್ಲಿ ಬೆಲೆಯೂ ಇಳಿಯಲ್ಲ. ಆದರೂ ತಡೆ.

ಈಚಿನ ಮೂರು ಸಲದ ಲೆಕ್ಕ ನೋಡಿ:

2019: ಸೆಪ್ಟೆಂಬರ್ 29ಕ್ಕೆ ಎಲ್ಲ ಈರುಳ್ಳಿ ರಫ್ತು ನಿಷೇಧ. ರೋಸ್ ಈರುಳ್ಳಿಗೆ ವಿನಾಯಿತಿ ಬಂದದ್ದು ಅಕ್ಟೋಬರ್ 28ಕ್ಕೆ. ಅದೂ 9,000 ಟನ್ ಮಾತ್ರ, ನವೆಂಬರ್ 30ರೊಳಗೆ, ಚೆನ್ನೈ ಬಂದರಿನಿಂದ ಮಾತ್ರ.

2020: ಸೆಪ್ಟೆಂಬರ್ 14ಕ್ಕೆ ನಿಷೇಧ. ವಿನಾಯಿತಿ ಅಕ್ಟೋಬರ್ 9ಕ್ಕೆ. ಈ ಸಲ 10,000 ಟನ್, ಮತ್ತೆ ಚೆನ್ನೈನಿಂದ ಮಾತ್ರ. ಆಂಧ್ರದ ಕೃಷ್ಣಾಪುರಂ ಈರುಳ್ಳಿಗೂ ಅಷ್ಟೇ ಪಾಲು.

2023: ಆಗಸ್ಟ್ 19ಕ್ಕೆ ಶೇ. 40 ರಫ್ತು ಸುಂಕ. ರೋಸ್ ಈರುಳ್ಳಿಗೆ ಸುಂಕ ಬಿಟ್ಟದ್ದು ಸೆಪ್ಟೆಂಬರ್ 29ಕ್ಕೆ. ಡಿಸೆಂಬರಿನಲ್ಲಿ ಈರುಳ್ಳಿ ರಫ್ತಿಗೆ ಮತ್ತೆ ಪೂರ್ತಿ ನಿಷೇಧ. ಬಾಗಿಲು ತೆರೆದದ್ದು 2024ರ ಮೇ 4ಕ್ಕೆ, ಮತ್ತದೇ ಶೇ. 40 ಸುಂಕದೊಂದಿಗೆ.

ಮೊದಲ ಸಲ ನಾಲ್ಕು ವಾರ, ಎರಡನೇ ಸಲ ಮೂರೂವರೆ, ಮೂರನೇ ಸಲ ಹೆಚ್ಚುಕಮ್ಮಿ ಆರು ವಾರ. ಅರ್ಜಿ, ಮನವಿ, ರಸ್ತೆ ತಡೆ ಎಲ್ಲ ಆಗಿ ವಿನಾಯಿತಿ ಬರುವ ಹೊತ್ತಿಗೆ ಕಿತ್ತ ಗೆಡ್ಡೆ ಹೊಲದ ಬದುವಿನಲ್ಲಿ ಕಪ್ಪಾಗಿರುತ್ತೆ. ನಮ್ಮ ಕಡೆ ಮುಂಗಾರಿನ ಬೆಳೆ ಕೀಳೋದೂ ಅದೇ ದಿನಗಳಲ್ಲಿ.

ಇನ್ನು ಪ್ರಮಾಣದ ಮಿತಿ. ಎಕರೆಗೆ ಹತ್ತು ಟನ್ ಅಂತ ಹಿಡಿಯಿರಿ. 9,000 ಟನ್ ಅಂದರೆ 900 ಎಕರೆಯ ಬೆಳೆ. ಮೂರು ಜಿಲ್ಲೆಯ ಬೆಳೆಗಾರರು ಈ 900 ಎಕರೆ ಹಂಚಿಕೊಳ್ಳಬೇಕು. ಯಾರದ್ದು ಮೊದಲು ಹೋಗುತ್ತೆ? ವ್ಯಾಪಾರಿಯ ಪರಿಚಯ ಇದ್ದವನದ್ದು, ಒಂದೇ ಕಡೆ ಲಾರಿ ಲೋಡ್ ತುಂಬಿಸುವಷ್ಟು ಬೆಳೆದವನದ್ದು. ಅರ್ಧ ಎಕರೆಯವನ ಮೂಟೆ ಕೊನೆಗೆ.

ವಿನಾಯಿತಿ ಸಿಕ್ಕರೂ ರಫ್ತುದಾರ ರಾಜ್ಯದ ತೋಟಗಾರಿಕೆ ಆಯುಕ್ತರಿಂದ ‘ಇದು ರೋಸ್ ಈರುಳ್ಳಿಯೇ, ಇಷ್ಟು ಪ್ರಮಾಣ’ ಅಂತ ಪ್ರಮಾಣಪತ್ರ ತರಬೇಕು. ತೋಟಗಾರಿಕೆ ಇಲಾಖೆಯ ಕೇಂದ್ರ ಕಚೇರಿ ಇರೋದು ಲಾಲ್‌ಬಾಗಿನಲ್ಲಿ, ಅಕ್ಕನ ಮನೆಯಿಂದ ಹೆಚ್ಚು ದೂರವಿಲ್ಲ. ಅಂದರೆ ಇದು ರೋಸ್ ಈರುಳ್ಳಿ ಎಂದು ಗುರುತಿಸುವ ವ್ಯವಸ್ಥೆ ಸರಕಾರದ ಬಳಿ ಇದ್ದೇ ಇದೆ. ಅದನ್ನು ತಡೆ ಹಾಕುವ ಮೊದಲೇ ಯಾಕೆ ಬಳಸಬಾರದು?

ಇನ್ನೊಂದು ಮಾತು. ವಲಯದ ಹೊಣೆ ಹೊತ್ತಿದ್ದ ಅಪೆಡಾ ಕೇಂದ್ರ ವಾಣಿಜ್ಯ ಸಚಿವಾಲಯದ್ದು. ನಿಷೇಧದ ಆದೇಶ ಹೊರಡಿಸುವ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವೂ ಅದೇ ಸಚಿವಾಲಯದ್ದು.

ಮಿಡಿಸೌತೆ, ವೆನಿಲ್ಲಾ ಹೇಳೋದೇನು?

ಮಿಡಿಸೌತೆಯನ್ನೂ ಇಲ್ಲಿ ಯಾರೂ ತಿನ್ನಲ್ಲ. ಆದರೆ ಅದರಲ್ಲಿ ಕಂಪೆನಿ ಬೀಜ ಕೊಡುತ್ತೆ, ಗಾತ್ರ ನೋಡಿ ದರ ಮೊದಲೇ ಹೇಳುತ್ತೆ, ಕಾಯಿ ಒಯ್ಯುತ್ತೆ. ತಕರಾರು ಇಲ್ಲವೆಂದಲ್ಲ. ಆದರೆ ದಿಲ್ಲಿಯ ಸಂತೆಗೂ ಅದಕ್ಕೂ ಸಂಬಂಧ ಇಲ್ಲದ್ದರಿಂದ ನಾಳೆ ಬಾಗಿಲು ಮುಚ್ಚೀತು ಅನ್ನೋ ಭಯ ಇಲ್ಲ. ವಲಯ ನಿಂತ ಮೇಲೂ ಬೆಳೆ ನಡೆದಿದೆ.

ವೆನಿಲ್ಲಾದ ಕಥೆ ಕರಾವಳಿ, ಮಲೆನಾಡಿನ ಓದುಗರಿಗೆ ಗೊತ್ತೇ ಇದೆ. 2003ರ ಸುಮಾರಿಗೆ ಹಸಿ ಕೋಡಿಗೆ ಕೆ.ಜಿ.ಗೆ ಮೂರು ಸಾವಿರ ದಾಟಿದ ದರ ಎರಡೇ ವರ್ಷದಲ್ಲಿ ನೆಲ ಕಚ್ಚಿತು. ಅಲ್ಲೂ ವಲಯ ಇತ್ತು. ಬಿದ್ದ ಬೆಲೆಯನ್ನು ಹಿಡಿಯುವ ಶಕ್ತಿ ಅದಕ್ಕಿರಲಿಲ್ಲ.

ನಾವು ಕೇಳಬೇಕಾದದ್ದು

2018ರ ಕೃಷಿ ರಫ್ತು ನೀತಿ ‘ಕ್ಲಸ್ಟರ್’ ಮಾತಾಡುತ್ತೆ. ನಿಮ್ಮ ತಾಲ್ಲೂಕಿಗೆ ಅಂಥದ್ದು ಬಂದರೆ ಬೇಡ ಅನ್ನಬೇಡಿ. ಆದರೆ ಸಭೆಯಲ್ಲಿ ಮೊದಲೇ ಕೇಳಿ: ಬಿತ್ತಿದ ಮೇಲೆ ರಫ್ತು ನಿಲ್ಲಿಸಿದರೆ ನಷ್ಟ ಯಾರದ್ದು?

ರೋಸ್ ಈರುಳ್ಳಿ ಬೆಳೆಗಾರರು ಕೇಳಬೇಕಾದದ್ದು ಒಂದೇ. ಈರುಳ್ಳಿಗೆ ತಡೆಯೋ ಸುಂಕವೋ ಹಾಕುವ ಆದೇಶದಲ್ಲೇ, ಅದೇ ದಿನವೇ, ರೋಸ್ ಈರುಳ್ಳಿಗೆ ಅನ್ವಯಿಸದು ಎಂಬ ಸಾಲು ಇರಬೇಕು. ಈರುಳ್ಳಿಯ ಮೇಲಿನ ರಫ್ತು ಸುಂಕವನ್ನು 2025ರ ಏಪ್ರಿಲ್ 1ರಿಂದ ತೆಗೆದರು. ಇಂಥ ಬೇಡಿಕೆ ಇಡೋದು ತಡೆ ಇಲ್ಲದ ದಿನಗಳಲ್ಲೇ. ಬೆಲೆ ಏರಿದ ಮೇಲೆ ಯಾರೂ ಕೇಳಿಸಿಕೊಳ್ಳಲ್ಲ.

ನಮ್ಮ ಕೈಯಲ್ಲೇ ಇರುವ ಕೆಲಸಗಳೂ ಇವೆ. ಬೆಳೆ ಸಮೀಕ್ಷೆಯಲ್ಲಿ ಬೆಳೆ ಸರಿಯಾಗಿ ದಾಖಲಾಗಿದೆಯೇ ನೋಡಿಕೊಳ್ಳಿ. ಬರೀ ‘ಈರುಳ್ಳಿ’ ಅಂತಿದ್ದರೆ ರೋಸ್ ಈರುಳ್ಳಿಯ ವಿಸ್ತೀರ್ಣ ಇಷ್ಟು ಅಂತ ತೋಟಗಾರಿಕೆ ಇಲಾಖೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಲೆಕ್ಕದಲ್ಲಿ ಇಲ್ಲದ ಬೆಳೆಗೆ ವಿನಾಯಿತಿಯಲ್ಲಿ ಪಾಲು ಕೇಳೋದು ಕಷ್ಟ. ಭೌಗೋಳಿಕ ಸೂಚಿಯ ಕಾಯ್ದೆಯಲ್ಲಿ ಬೆಳೆಗಾರರು ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಬಹುದು, ಊರಿನವರು ಒಟ್ಟಾಗಿ ಮಾಡಿದರೆ ಸುಲಭ. ಪೂರ್ತಿ ಹೊಲಕ್ಕೆ ಒಂದೇ ಸಲ ಹಾಕದೆ ಎರಡು ಮೂರು ವಾರ ಬಿಟ್ಟು ಬಿಟ್ಟು ಹಾಕಿ. ತಡೆ ಬಂದರೂ ಎಲ್ಲವೂ ಒಟ್ಟಿಗೆ ಸಿಕ್ಕಿಕೊಳ್ಳಲ್ಲ. ನಾವೀಗ ಅರ್ಧ ಎಕರೆಯನ್ನೂ ಎರಡು ಕಂತಿನಲ್ಲೇ ನಾಟಿ ಮಾಡೋದು.