ಹಿಗ್ಗುವ ಕ್ವಾರ್ಕ್-ಗ್ಲುಆನ್ ಪ್ಲಾಸ್ಮಾದಲ್ಲಿ ಕ್ರಾಂತಿಕ ಏರಿಳಿತಗಳು

ಇಂಗಾಲದ ಡೈಆಕ್ಸೈಡಿನಲ್ಲಿ ದ್ರವಕ್ಕೂ ಅನಿಲಕ್ಕೂ ಇರುವ ಭೇದವು ಸುಮಾರು 31 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಅಳಿಸಿಹೋಗುವುದನ್ನು ಥಾಮಸ್ ಆಂಡ್ರ್ಯೂಸ್ 1869ರಲ್ಲಿ ನಿರೂಪಿಸಿದರು. ಆ ಕ್ರಾಂತಿಬಿಂದುವಿನ ಸಮೀಪದಲ್ಲಿ ಸಾಂದ್ರತೆಯ ಏರಿಳಿತಗಳು ಬಹುದೂರ ವ್ಯಾಪಿಸಿ, ತಿಳಿಯಾದ ದ್ರವವು ಹಾಲಿನಂತೆ ಬಿಳುಪಾಗುತ್ತದೆ. ಕ್ವಾರ್ಕ್ ಮತ್ತು ಗ್ಲುಆನ್‌ಗಳ ದ್ರವ್ಯಕ್ಕೂ ಇಂತಹ ಬಿಂದುವೊಂದು ಇದೆಯೇ ಎಂಬುದು ಪ್ರಸ್ತುತ ಲೇಖನದ ವಿಚಾರ.

ಬೇರಿಯಾನ್ ಸಾಂದ್ರತೆ ಶೂನ್ಯವಾಗಿರುವಲ್ಲಿ ಪ್ರೋಟಾನು ಮೊದಲಾದ ಕಣಗಳು ಕರಗಿ ಪ್ಲಾಸ್ಮಾ ಆಗುವುದು ಹಠಾತ್ ಪ್ರಾವಸ್ಥಾಂತರದಿಂದಲ್ಲ. ಕ್ರಮೇಣ ನಡೆಯುವ ಮಾರ್ಪಾಟಿನಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಸಾದ್ ಹೆಗಡೆ ಅವರೂ ಒಳಗೊಂಡ ಹಾಟ್‌ಕ್ಯೂಸಿಡಿ ತಂಡವು 2019ರಲ್ಲಿ ಪ್ರಕಟಿಸಿದ ಜಾಲಕ ಗಣನೆಯಂತೆ, ಈ ಮಾರ್ಪಾಟಿನ ತಾಪ 156.5 ಮೆಗಾ ಎಲೆಕ್ಟ್ರಾನ್ ವೋಲ್ಟ್, ಎಂದರೆ ಸುಮಾರು 1.8 ಲಕ್ಷ ಕೋಟಿ ಕೆಲ್ವಿನ್. ಬೇರಿಯಾನ್ ಸಾಂದ್ರತೆ ಹೆಚ್ಚಿದಂತೆ ನೇರ ಗಣನೆ ಅಸಾಧ್ಯವಾಗುವುದರಿಂದ, ಶೂನ್ಯ ಸಾಂದ್ರತೆಯಿಂದ ಟೇಲರ್ ಶ್ರೇಣಿಯ ಮೂಲಕ ಮುಂದುವರಿಯಬೇಕಾಗುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಜೀವ್ ಗವಾಯಿ ಮತ್ತು ಸೌರೇಂದು ಗುಪ್ತ ಈ ಮಾರ್ಗದಲ್ಲಿ ಮೊದಲಿಗರಾಗಿ ದುಡಿದವರಲ್ಲಿ ಸೇರಿದ್ದಾರೆ.

ಪ್ರಯೋಗದಲ್ಲಿ ಅಳೆಯುವುದು ಪ್ರತಿಯೊಂದು ಘರ್ಷಣೆಯಲ್ಲಿ ಹೊರಬರುವ ನಿವ್ವಳ ಪ್ರೋಟಾನುಗಳ ಸಂಖ್ಯೆಯ ಏರಿಳಿತವನ್ನು. ಎಷ್ಟು ದೂರದವರೆಗೆ ಏರಿಳಿತಗಳು ಒಂದಕ್ಕೊಂದು ಹೊಂದಿಕೊಂಡಿರುತ್ತವೆಯೋ ಅದೇ ಸಹಸಂಬಂಧ ದೂರ. ಮಿಖಾಯಿಲ್ ಸ್ಟೆಫನೊವ್ 2009ರಲ್ಲಿ ತೋರಿಸಿದಂತೆ, ಈ ದೂರ ಇಮ್ಮಡಿಸಿದರೆ ಚದರ ವಿಚಲನೆಯ ಕ್ರಾಂತಿಕ ಅಂಶ ಸುಮಾರು 4 ಪಟ್ಟು, ನಾಲ್ಕನೆಯ ಸಂಚಿತಕದ ಅಂಶ ಸುಮಾರು 128 ಪಟ್ಟು ಆಗುತ್ತದೆ. ಆದುದರಿಂದಲೇ ಉನ್ನತ ಸಂಚಿತಕಗಳಿಗೆ ಇಷ್ಟು ಪ್ರಾಮುಖ್ಯ.

ಆದರೆ ಈ ಎಣಿಕೆಯು ಸಮತೋಲ ಸ್ಥಿತಿಗೆ ಸಂಬಂಧಿಸಿದ್ದು. ಘರ್ಷಣೆಯ ಪ್ಲಾಸ್ಮಾ 10⁻²³ ಸೆಕೆಂಡಿನ ಕೆಲವೇ ಪಟ್ಟು ಕಾಲ ಬಾಳಿ, ಹಿಗ್ಗುತ್ತ ತಣಿಯುತ್ತದೆ. ಸಹಸಂಬಂಧ ದೂರ ಇಮ್ಮಡಿಸಿದಾಗ ಸಮತೋಲಕ್ಕೆ ಮರಳಲು ಬೇಕಾಗುವ ಕಾಲ ಸುಮಾರು 8 ಪಟ್ಟಾಗುತ್ತದೆ. ರೋಣ-ನರಗುಂದ ಸೀಮೆಯ ರೈತರಿಗೆ ಇದಕ್ಕೆ ಹೋಲುವ ಅನುಭವವುಂಟು: ನೆನೆದು ಬಿರುಕು ಮುಚ್ಚಿದ ಎರೆಭೂಮಿಯ ಮೇಲೆ ರಭಸದ ಮಳೆ ಬಂದರೆ, ನೀರು ಇಂಗುವ ಮೊದಲೇ ಹರಿದುಹೋಗುತ್ತದೆ. ಹಾಗೆಯೇ ಪ್ಲಾಸ್ಮಾದಲ್ಲಿಯೂ ಏರಿಳಿತ ಪೂರ್ಣವಾಗಿ ಬೆಳೆಯುವ ಮೊದಲೇ ಕ್ರಾಂತಿವಲಯ ದಾಟಿಹೋಗುತ್ತದೆ. ಬೋರಿಸ್ ಬೆರ್ಡ್ನಿಕೊವ್ ಮತ್ತು ಕೃಷ್ಣ ರಾಜಗೋಪಾಲ್ 2000ದಲ್ಲಿ ಪ್ರಕಟಿಸಿದ ಅಂದಾಜಿನಂತೆ, ಅನಂತವಾಗಬೇಕಿದ್ದ ಸಹಸಂಬಂಧ ದೂರ 2ರಿಂದ 3 ಫೆಮ್ಟೊಮೀಟರಿಗೇ ನಿಲ್ಲುತ್ತದೆ.

ಈ ಕೊರತೆಯನ್ನು ಲೆಕ್ಕಕ್ಕೆ ತರಲು ಮುಖ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು, ದ್ರವಚಲನ ಸಮೀಕರಣಗಳಿಗೆ ಯಾದೃಚ್ಛಿಕ ಕ್ಷೋಭೆಯನ್ನು ಸೇರಿಸಿ ಹಲವಾರು ಸಲ ಗಣಿಸುವುದು. ಎರಡನೆಯದು, ಏರಿಳಿತಗಳ ಸರಾಸರಿಯನ್ನೇ ಹೊಸ ಚರಗಳನ್ನಾಗಿಸಿ ದ್ರವದ ಹರಿವಿನೊಡನೆ ವಿಕಾಸಗೊಳಿಸುವುದು; ಸ್ಟೆಫನೊವ್ ಮತ್ತು ಯಿ ಯಿನ್ 2018ರಲ್ಲಿ ಮಂಡಿಸಿದ 'ಹೈಡ್ರೊ ಪ್ಲಸ್' ಇದಕ್ಕೆ ನಿದರ್ಶನ. ಬೇರಿಯಾನ್ ಸಂಖ್ಯೆ ಸಂರಕ್ಷಿತವಾದುದರಿಂದ ಅದರ ಏರಿಳಿತ ಇದ್ದಲ್ಲಿಯೇ ಅಳಿಯಲಾರದು, ವಿಸರಣದಿಂದ ಮಾತ್ರ ಹರಡಬಲ್ಲುದು. ಆದಕಾರಣ ಹಿಂದಿನ ಸ್ಥಿತಿಯ ನೆನಪು ಕೊನೆಯವರೆಗೂ ಉಳಿಯುತ್ತದೆ.

ಅಮೆರಿಕದ ಬ್ರೂಕ್‌ಹೇವನ್ನಿನಲ್ಲಿ, ಭಾರತೀಯ ವಿಜ್ಞಾನಿಗಳೂ ಪಾಲ್ಗೊಂಡ ಸ್ಟಾರ್ ಪ್ರಯೋಗವು 2025ರಲ್ಲಿ ಪ್ರಕಟಿಸಿದ ಮಾಪನಗಳಲ್ಲಿ, 20 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಸುಪಾಸಿನಲ್ಲಿ ನಾಲ್ಕನೆಯ ಸಂಚಿತಕದ ಅನುಪಾತ ಕ್ರಾಂತಿರಹಿತ ಮಾದರಿಗಳು ಸೂಚಿಸುವುದಕ್ಕಿಂತ ತಗ್ಗಿದೆ. ಈ ತಗ್ಗು ಕ್ರಾಂತಿಬಿಂದುವಿಗೆ ಪುರಾವೆಯಲ್ಲ. ದೊಡ್ಡ ಶಿಖರ ಕಾಣದಿದ್ದರೂ ಅದು ಇಲ್ಲವೆಂದಾಗದು. ಬೆಳೆಯಲು ಅವಕಾಶವೇ ದೊರೆಯದ ಏರಿಳಿತವು ಹಾಗೆ ಅಡಗಿರಬಹುದು. ಮಾಪನದ ಅರ್ಥವನ್ನು ನಿಶ್ಚಯಿಸಬೇಕಾದುದು ಹಿಗ್ಗುವಿಕೆಯ ಕಾಲಗತಿಯನ್ನು ಒಳಗೊಂಡ ಮಾದರಿಯೇ.