ಬಿ.ಪಿ. ಗುಳಿಗೆಯೂ ರಾಗಿಮುದ್ದೆಯೂ

ವ್ಯಾಧಿಗಳಲ್ಲಿ ಕೂಗಿ ಹೇಳುವವು ಕೆಲವು, ಸದ್ದಿಲ್ಲದೆ ಮನೆಮಾಡಿಕೊಂಡಿರುವವು ಕೆಲವು. ಹಲ್ಲುನೋವು ಬಂದವನಿಗೆ ವೈದ್ಯರಲ್ಲಿಗೆ ಹೋಗೆಂದು ಯಾರೂ ಹೇಳಬೇಕಾಗಿಲ್ಲ. ರಕ್ತದ ಒತ್ತಡ ಏರಿದವನಿಗಾದರೋ ಬಹುಕಾಲ ಯಾವ ಬಾಧೆಯೂ ತೋರದು; ಹೊಲಕ್ಕೆ ಹೋಗುವನು, ಸಂತೆಗೆ ಹೋಗುವನು, ಉಂಡು ಮಲಗುವನು. ಒಳಗೆ ಮಾತ್ರ ಹೃದಯ, ಮೆದುಳು, ಮೂತ್ರಪಿಂಡ, ಕಣ್ಣು ಇವುಗಳ ರಕ್ತನಾಳಗಳು ದಿನದಿನಕ್ಕೆ ಕೆಡುತ್ತಿರುವುವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಔಷಧದಂಗಡಿಗಳಲ್ಲಿ ‘ಬಿ.ಪಿ. ಗುಳಿಗೆ’ ಎಂದು ಕೇಳಿ ಕೊಳ್ಳುವವರಲ್ಲಿ ಅನೇಕರ ಕೈಗೆ ಬರುವುದು ಆಮ್ಲೋಡಿಪಿನ್. ಕ್ಯಾಲ್ಸಿಯಂ ಚಾನಲ್ ಬ್ಲಾಕರ್ ಎಂಬ ವರ್ಗಕ್ಕೆ ಸೇರಿದ ಈ ಔಷಧವು ಏನು ಮಾಡಬಲ್ಲುದು, ಏನು ಮಾಡಲಾರದು ಎಂಬುದನ್ನು ಮನೆಯವರೆಲ್ಲರೂ ತಿಳಿದಿರುವುದು ಲೇಸೆಂದು ನಾವು ಭಾವಿಸುತ್ತೇವೆ.

ಹಿರಿಯೂರು ಸೀಮೆಯವರಿಗೆ ತೂಬೆಂದರೇನೆಂದು ವಿವರಿಸಬೇಕಾಗಿಲ್ಲ. 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆಯಲ್ಲಿ ವೇದಾವತಿಯ ನೀರು ಎಷ್ಟೇ ನಿಂತಿದ್ದರೂ, ತೂಬನ್ನು ತೆರೆದಷ್ಟು ಮಾತ್ರವೇ ನಾಲೆಗೆ ಇಳಿಯುವುದು. ನಮ್ಮ ರಕ್ತನಾಳಗಳ ಗೋಡೆಯಲ್ಲಿರುವ ಸ್ನಾಯುಕಣಗಳಿಗೂ ಇಂಥ ಅತಿಸೂಕ್ಷ್ಮವಾದ ತೂಬುಗಳುಂಟು. ಅವುಗಳ ಮೂಲಕ ಕ್ಯಾಲ್ಸಿಯಂ, ಎಂದರೆ ಸುಣ್ಣದ ಅಂಶ, ಕಣದೊಳಕ್ಕೆ ಹೊಕ್ಕಾಗ ಸ್ನಾಯು ಬಿಗಿಯುವುದು. ಸ್ನಾಯು ಬಿಗಿದರೆ ನಾಳ ಕಿರಿದಾಗುವುದು. ನಾಳ ಕಿರಿದಾದರೆ ರಕ್ತವನ್ನು ನೂಕಲು ಹೃದಯವು ಹೆಚ್ಚು ಬಲ ಹಾಕಬೇಕಾಗುವುದು. ಆಮ್ಲೋಡಿಪಿನ್ ಈ ತೂಬುಗಳನ್ನು ಅರೆಮುಚ್ಚಿ ಹಿಡಿಯುತ್ತದೆ. ಆಗ ನಾಳ ಸಡಿಲವಾಗಿ ಒತ್ತಡ ಇಳಿಯುವುದು.

ಎದೆಶೂಲೆಗೂ ಇದೇ ಔಷಧವನ್ನು ಕೊಡುವುದುಂಟು. ಹೃದಯಕ್ಕೆ ರಕ್ತವೊಯ್ಯುವ ನಾಳಗಳಲ್ಲಿ ಕೊಬ್ಬು ಕಟ್ಟಿ ದಾರಿ ಇಕ್ಕಟ್ಟಾದವರಿಗೆ, ದುರ್ಗದ ಕೋಟೆಯ ಮೆಟ್ಟಿಲನ್ನೇರುವಾಗಲೋ ಭಾರ ಹೊತ್ತು ನಡೆಯುವಾಗಲೋ ಎದೆಯ ನಡುವೆ ಹಿಂಡಿದಂತಾಗಿ, ನಿಂತರೆ ಶಮನವಾಗುವುದು. ಇದನ್ನೇ ವೈದ್ಯರು ಆಂಜೈನಾ ಎನ್ನುತ್ತಾರೆ. ನಾಳಗಳು ಸಡಿಲವಾದರೆ ಹೃದಯದ ದುಡಿಮೆ ಹಗುರವಾಗುವುದು, ಅದಕ್ಕೆ ಬರುವ ರಕ್ತವೂ ಹೆಚ್ಚುವುದು. ಹೃದಯದ ನಾಳಗಳು ತಾವಾಗಿಯೇ ಸೆಟೆದು, ವಿಶ್ರಾಂತಿಯಲ್ಲಿದ್ದಾಗಲೂ ಬರುವ ಇನ್ನೊಂದು ಬಗೆಯ ಶೂಲೆಗೆ ಈ ವರ್ಗದ ಔಷಧಗಳು ವಿಶೇಷವಾಗಿ ಒದಗುತ್ತವೆ.

1960ರ ದಶಕದಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿದ್ದ ಆಲ್ಬ್ರೆಖ್ಟ್ ಫ್ಲೆಕೆನ್‌ಸ್ಟೈನ್ ಎಂಬ ಶರೀರಶಾಸ್ತ್ರಜ್ಞರು ವೆರಪಮಿಲ್ ಎಂಬ ಔಷಧವು ಕ್ಯಾಲ್ಸಿಯಂನ ಕೆಲಸಕ್ಕೆ ಅಡ್ಡಬರುವುದನ್ನು ತೋರಿಸಿಕೊಟ್ಟರು. ತರುವಾಯ ನಿಫೆಡಿಪಿನ್, ಡಿಲ್ಟಿಯಾಜೆಮ್, ಆಮ್ಲೋಡಿಪಿನ್ ಬಂದುವು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 33 ಸಾವಿರಕ್ಕೂ ಮಿಕ್ಕ ಜನರನ್ನೊಳಗೊಂಡ ಪರೀಕ್ಷೆಯೊಂದರಲ್ಲಿ, ಹೃದಯಾಘಾತವನ್ನು ತಡೆಯುವುದರಲ್ಲಿ ಆಮ್ಲೋಡಿಪಿನ್ ಹಳೆಯ ಮೂತ್ರವರ್ಧಕ ಔಷಧಕ್ಕೆ ಸಮವಾಗಿ ನಿಂತಿತು. ಹೃದಯವು ಬಲಗುಂದುವುದನ್ನು ತಡೆಯುವುದರಲ್ಲಿ ಮಾತ್ರ ಹಿಂದೆ ಬಿತ್ತು. ಒಂದೇ ವರ್ಗದವಾದರೂ ಇವುಗಳ ಗುಣ ಒಂದೇ ಅಲ್ಲ. ವೆರಪಮಿಲ್, ಡಿಲ್ಟಿಯಾಜೆಮ್‌ಗಳು ಹೃದಯದ ಬಡಿತವನ್ನೂ ನಿಧಾನಗೊಳಿಸುವುವು; ಅಟೆನೊಲಾಲ್, ಮೆಟೊಪ್ರೊಲಾಲ್‌ಗಳಂಥ ಗುಳಿಗೆಗಳೊಡನೆ ಸೇರಿದರೆ ಬಡಿತ ಅಪಾಯವಾಗುವಷ್ಟು ಇಳಿಯಬಹುದು. ಆದುದರಿಂದ ನೆರೆಮನೆಯವರ ಗುಳಿಗೆಯನ್ನು ಕಡ ತಂದು ನುಂಗುವುದು ಎಂದಿಗೂ ಸಲ್ಲದು.

ಕ್ಯಾಲ್ಸಿಯಂ ತಡೆಯುವ ಗುಳಿಗೆಯೆಂಬ ಹೆಸರನ್ನು ಕೇಳಿದೊಡನೆ ಗೃಹಿಣಿಯರಿಗೆ ಒಂದು ಸಂದೇಹ ಹುಟ್ಟುವುದು ಸಹಜ: ಹಾಗಾದರೆ ರಾಗಿಮುದ್ದೆಯನ್ನು ಬಿಡಬೇಕೆ? ಹಾಲು ಮೊಸರುಗಳನ್ನು ನಿಲ್ಲಿಸಬೇಕೆ? ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಬಿಡಬೇಕಾದ ಕಾರಣವಿಲ್ಲ. ಗುಳಿಗೆ ತಡೆಯುವುದು ಕಣಗಳ ತೂಬನ್ನೇ ಹೊರತು ಊಟದ ಕ್ಯಾಲ್ಸಿಯಂ ಅನ್ನಲ್ಲ. ರಕ್ತದಲ್ಲಿ ಅದು ಎಷ್ಟಿರಬೇಕೆಂಬುದನ್ನು ದೇಹವೇ ಹದದಲ್ಲಿಟ್ಟುಕೊಳ್ಳುವುದು. ಮೂಳೆಗಳಿಗೂ ಈ ಔಷಧದಿಂದ ಕೊರತೆಯಾಗದು. ತಟ್ಟೆಯಲ್ಲಿ ಅಂಜಬೇಕಾದುದು ರಾಗಿಗಲ್ಲ, ಉಪ್ಪಿಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಇವುಗಳಲ್ಲಿರುವ ಉಪ್ಪೂ ಲೆಕ್ಕಕ್ಕೆ ಸೇರಿ, ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಮೆಯಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಇನ್ನು ಕಾಲಿನ ಬಾವು. ಆಮ್ಲೋಡಿಪಿನ್ ನುಂಗುವವರಲ್ಲಿ ಕೆಲವರಿಗೆ, ಅದರಲ್ಲಿಯೂ 10 ಮಿಲಿಗ್ರಾಂ ತೆಗೆದುಕೊಳ್ಳುವವರಿಗೆ, ಸಂಜೆಯ ಹೊತ್ತಿಗೆ ಕಾಲಹರಡು ಊದುವುದುಂಟು; ಮುಖ ಬೆಚ್ಚಗಾಗುವುದು, ತಲೆನೋವು, ಅಪರೂಪಕ್ಕೆ ಒಸಡು ದಪ್ಪವಾಗುವುದು ಸಹ ಉಂಟು. ಮೂತ್ರಪಿಂಡವೇ ಕೆಟ್ಟಿತೆಂದು ಬೆದರಿ ಎಷ್ಟೋ ಮಂದಿ ಹಿರಿಯರು ಯಾರಿಗೂ ಹೇಳದೆ ಗುಳಿಗೆಯನ್ನು ನಿಲ್ಲಿಸಿಬಿಡುತ್ತಾರೆ. ಬಾವಿಗೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ಅವರು ಪ್ರಮಾಣವನ್ನು ಇಳಿಸಬಲ್ಲರು, ಜೊತೆಗೆ ಇನ್ನೊಂದು ಔಷಧವನ್ನು ಸೇರಿಸಬಲ್ಲರು, ಇಲ್ಲವೆ ವರ್ಗವನ್ನೇ ಬದಲಿಸಬಲ್ಲರು. ಸುಮ್ಮನೆ ನಿಲ್ಲಿಸಿದವರಿಗೆ ಈ ಮೂರೂ ದಾರಿಗಳು ತಪ್ಪುವುವು.

ನಿಲ್ಲಿಸಲು ಇನ್ನೊಂದು ಕಾರಣವುಂಟು. ಅದು ಇದಕ್ಕಿಂತಲೂ ಮೋಸದ್ದು. “ಒತ್ತಡ 130ಕ್ಕೆ ಇಳಿದಿದೆಯಲ್ಲ, ಇನ್ನೇಕೆ ಗುಳಿಗೆ?” ಎಂದು ಕೇಳುವವರಿದ್ದಾರೆ. ಇಳಿದಿರುವುದು ಗುಳಿಗೆಯಿಂದಲೇ. ಅರೆಮುಚ್ಚಿದ ತೂಬನ್ನು ಬಿಟ್ಟುಬಿಟ್ಟರೆ ಏನಾಗುವುದೋ ಅದೇ ಇಲ್ಲಿಯೂ ಆಗುವುದು. ಆಮ್ಲೋಡಿಪಿನ್ ದೇಹದಲ್ಲಿ ನಿಧಾನವಾಗಿ ಕರಗುವುದರಿಂದ ಒತ್ತಡ ಮಾರನೆಯ ದಿನವೇ ಏರದು. ‘ಬಿಟ್ಟರೂ ಏನೂ ಆಗಲಿಲ್ಲ’ ಎಂಬ ಧೈರ್ಯ ಬರುವಷ್ಟರಲ್ಲಿ ಹಳೆಯ ಮಟ್ಟ ಮರಳುವುದು. ಎದೆಶೂಲೆಯವರಿಗೆ ಶೂಲೆಯೂ ಮರಳಬಹುದು. ಅದು ಪೂರ್ಣವಾಗಿ ನಾಟುವುದಕ್ಕೂ ಒಂದೆರಡು ವಾರ ಬೇಕು. ಮೂರನೆಯ ದಿನಕ್ಕೇ ಗುಣವಿಲ್ಲವೆಂದು ಬೇಸರಪಡಬಾರದು. ಒಂದು ದಿನ ಮರೆತರೆ ಮರುದಿನ ಎರಡನ್ನು ನುಂಗಲೂಬಾರದು.

ಅವಸರವೂ ಅಪಾಯವೇ. ಒತ್ತಡವನ್ನು ಥಟ್ಟನೆ ಇಳಿಸಲು ನಿಫೆಡಿಪಿನ್ ಕ್ಯಾಪ್ಸೂಲನ್ನು ಒಡೆದು ನಾಲಗೆಯ ಕೆಳಗೆ ಹಿಂಡುವ ಪದ್ಧತಿ ಹಿಂದೆ ಇತ್ತು. ಒತ್ತಡ ಒಮ್ಮೆಲೇ ಕುಸಿದು ಹೃದಯಕ್ಕೂ ಮೆದುಳಿಗೂ ರಕ್ತ ಸಾಲದೆ ಹೋಗುವುದೆಂದು 1990ರ ದಶಕದಲ್ಲಿ ವೈದ್ಯರು ಎಚ್ಚರಿಸಿದರು. ಎದೆ ಹಿಂಡಿ, ಬೆವರಿಳಿದು, ನೋವು ತೋಳಿಗೋ ದವಡೆಗೋ ಹರಿದು ಕೆಲವು ನಿಮಿಷಗಳಲ್ಲಿ ಶಮನವಾಗದಿದ್ದರೆ ಹೆಚ್ಚಿನ ಬಿ.ಪಿ. ಗುಳಿಗೆಯಿಂದ ಫಲವಿಲ್ಲ. ವೈದ್ಯರು ನಾಲಗೆಯಡಿಗೆಂದು ಬೇರೆ ಗುಳಿಗೆ ಕೊಟ್ಟಿದ್ದರೆ ಅದನ್ನಿಟ್ಟುಕೊಂಡು ಕುಳಿತು, ಮನೆಯವರು 108ಕ್ಕೆ ಕರೆಮಾಡಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದಯತಜ್ಞರು ನೋಡಿ, ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಡಿಸಲೆಂದು ರಾಜ್ಯದಲ್ಲಿ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭವಾಯಿತು. ಹೊಸದುರ್ಗದ ಹಳ್ಳಿಯಿಂದ ದೊಡ್ಡ ಊರಿಗೆ ಹೋಗುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುವುದು. ಇಂಥಲ್ಲಿ ಹತ್ತಿರದ ಆಸ್ಪತ್ರೆಯೇ ಮೊದಲ ಆಸರೆ.

ಪ್ರತಿ ಮನೆಯಲ್ಲಿಯೂ ಒಬ್ಬರು, ಮಗನಾಗಲಿ ಸೊಸೆಯಾಗಲಿ ಮೊಮ್ಮಗಳಾಗಲಿ, ಹಿರಿಯರ ಗುಳಿಗೆಯ ಹೆಸರನ್ನೂ ಪ್ರಮಾಣವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟು, ಮುಗಿಯುವ ನಾಲ್ಕು ದಿನ ಮೊದಲೇ ತರಿಸಿ, ತಿಂಗಳಿಗೊಮ್ಮೆಯಾದರೂ ಐದು ನಿಮಿಷ ಕುಳ್ಳಿರಿಸಿ ಒತ್ತಡವನ್ನು ಅಳೆಸಿ ಬರೆದಿಡುವ ಹೊಣೆಯನ್ನು ಹೊತ್ತರೆ, ಆ ಮನೆಗೆ ಅದಕ್ಕಿಂತ ಮಿಗಿಲಾದ ಉಪಕಾರವಿಲ್ಲ. ಇದನ್ನು ಇಂದೇ ಆರಂಭಿಸಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.